ಬ್ಯಾಕರಾ (ಇಸ್ಪೀಟಾಟ)

ಬ್ಯಾಕರಾ ಯುರೋಪಿನಲ್ಲಿ ರೂಪುಗೊಂಡು ಇಂದು ಜಗತ್ತಿನ ಬಹುತೇಕ ದೊಡ್ಡ ಕ್ಯಾಸಿನೊಗಳಲ್ಲಿ ನಡೆಯುತ್ತಿರುವ ಒಂದು ಇಸ್ಪೀಟು ಜೂಜು. ಇದರಲ್ಲಿ ‘ಪ್ಲೇಯರ್’ ಮತ್ತು ‘ಬ್ಯಾಂಕರ್’ ಎಂಬ ಎರಡು ಕೈಗಳಿಗೆ ತಲಾ ಎರಡು ಅಥವಾ ಮೂರು ಎಲೆಗಳನ್ನು ಹಂಚಲಾಗುತ್ತದೆ. ಒಂಬತ್ತಕ್ಕೆ ಹೆಚ್ಚು ಹತ್ತಿರವಿರುವ ಕೈ ಗೆಲ್ಲುತ್ತದೆ. ಮೇಜಿನ ಸುತ್ತ ಕುಳಿತವರು ಪ್ಲೇಯರ್ ಗೆಲ್ಲುವುದೆಂದೋ, ಬ್ಯಾಂಕರ್ ಗೆಲ್ಲುವುದೆಂದೋ, ಎರಡೂ ಸಮವಾಗುವುವೆಂದೋ ಎಲೆ ಹಂಚುವ ಮೊದಲೇ ಪಣ ಕಟ್ಟುತ್ತಾರೆ.

ಬ್ಯಾಕರಾಕ್ಕೆ ಮೂರು ಮುಖ್ಯ ರೂಪಗಳಿವೆ: ಪುಂಟೊ ಬ್ಯಾಂಕೊ, ಷೆಮಾ ದ ಫೇರ್ ಮತ್ತು ಬ್ಯಾಕರಾ ಬಾಂಕ್. ಇವುಗಳಲ್ಲಿ ಇಂದು ಹೆಚ್ಚು ಪ್ರಚಲಿತವಾಗಿರುವುದು ಪುಂಟೊ ಬ್ಯಾಂಕೊ. ಈ ರೂಪದಲ್ಲಿ ಪಣ ಕಟ್ಟಿದ ನಂತರ ಆಟಗಾರನು ತೆಗೆದುಕೊಳ್ಳಬೇಕಾದ ನಿರ್ಧಾರ ಯಾವುದೂ ಇಲ್ಲ. ಮುಂದಿನದೆಲ್ಲವನ್ನೂ ನಿಯಮಗಳೇ ನಡೆಸುತ್ತವೆ. ಕರ್ನಾಟಕದಲ್ಲಿ ಪರಿಚಿತವಾದ ಅಂದರ್-ಬಾಹರ್ ಆಟದಲ್ಲಿಯೂ ಇದೇ ಲಕ್ಷಣವಿದೆ: ಎರಡು ಪಕ್ಕಗಳಲ್ಲಿ ಒಂದನ್ನು ಆರಿಸಿ ಹಣ ಇಟ್ಟ ಮೇಲೆ ಉಳಿದದ್ದು ಎಲೆಗಳ ಸರದಿಗೆ ಬಿಟ್ಟದ್ದು.

## ಹೆಸರು

‘ಬ್ಯಾಕರಾ’ ಎಂಬುದು ಫ್ರೆಂಚ್ ಉಚ್ಚಾರಣೆಯನ್ನು ಅನುಸರಿಸಿದ ರೂಪ. ಇಂಗ್ಲಿಷ್ ಬರಹದಲ್ಲಿ ಪದದ ಕೊನೆಗೆ ‘ಟ್’ ಸೂಚಿಸುವ ಅಕ್ಷರವಿದ್ದರೂ ಅದನ್ನು ಉಚ್ಚರಿಸುವುದಿಲ್ಲ. ಈ ಪದಕ್ಕೆ ಸೊನ್ನೆ ಎಂಬ ಅರ್ಥವಿದೆಯೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಹತ್ತರ ಎಲೆಗೂ ಚಿತ್ರದ ಎಲೆಗಳಿಗೂ ಈ ಆಟದಲ್ಲಿ ಸೊನ್ನೆಯ ಬೆಲೆಯಿರುವುದರಿಂದ ಹೆಸರು ಆಟಕ್ಕೆ ಹೊಂದುತ್ತದೆ.

## ಎಲೆಗಳ ಬೆಲೆ ಮತ್ತು ಎಣಿಕೆ

ಬ್ಯಾಕರಾದಲ್ಲಿ ಎಲೆಗಳ ಬಣ್ಣ ಅಥವಾ ಜಾತಿಗೆ ಪ್ರಾಮುಖ್ಯವಿಲ್ಲ. ಅವುಗಳ ಬೆಲೆ ಹೀಗಿದೆ:

- ಎಕ್ಕ: 1
- 2ರಿಂದ 9ರವರೆಗಿನ ಎಲೆಗಳು: ಅವುಗಳ ಮೇಲೆ ಇರುವಷ್ಟೇ ಬೆಲೆ
- 10, ಗುಲಾಮ, ರಾಣಿ, ರಾಜ: 0

ಕೈಯಲ್ಲಿರುವ ಎಲೆಗಳ ಬೆಲೆಯನ್ನು ಕೂಡಿಸಿ, ಬಂದ ಮೊತ್ತದ ಬಿಡಿ ಸ್ಥಾನದ ಅಂಕೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. 7 ಮತ್ತು 8 ಬಂದರೆ ಮೊತ್ತ 15, ಆದುದರಿಂದ ಕೈಯ ಎಣಿಕೆ 5. ರಾಜ ಮತ್ತು 9 ಬಂದರೆ ಎಣಿಕೆ 9. 4 ಮತ್ತು 6 ಬಂದರೆ ಎಣಿಕೆ ಸೊನ್ನೆ. ಹೀಗಾಗಿ ಈ ಆಟದಲ್ಲಿ ಎಣಿಕೆ ಮಿತಿ ಮೀರಿ ಕೈ ಕೆಡುವ ಸಂಭವವೇ ಇಲ್ಲ. ಅತಿ ಹೆಚ್ಚಿನ ಎಣಿಕೆ 9, ಅತಿ ಕಡಿಮೆಯದು 0.

## ಆಟದ ಕ್ರಮ

ಸಾಮಾನ್ಯವಾಗಿ ಎಂಟು ಕಟ್ಟುಗಳ, ಅಂದರೆ 416 ಎಲೆಗಳನ್ನು ಒಟ್ಟಿಗೆ ಕಲೆಸಿ ‘ಶೂ’ ಎಂಬ ಪೆಟ್ಟಿಗೆಯಲ್ಲಿ ಇಡಲಾಗುತ್ತದೆ. ಪೆಟ್ಟಿಗೆಯ ಮೊದಲ ಎಲೆಯನ್ನು ತೆರೆದು ತೋರಿಸಿ, ಅದರ ಬೆಲೆಗೆ ತಕ್ಕಷ್ಟು ಎಲೆಗಳನ್ನು ಆಟದಿಂದ ಹೊರಗಿಡುವ ಪದ್ಧತಿ ಹಲವೆಡೆ ಇದೆ.

ಮೇಜಿನ ಹಾಸಿನ ಮೇಲೆ ಪ್ಲೇಯರ್, ಬ್ಯಾಂಕರ್ ಮತ್ತು ಟೈ ಎಂಬ ಮೂರು ಗುರುತಿನ ಜಾಗಗಳಿರುತ್ತವೆ. ಹಾಜರಿರುವವರು ತಮ್ಮ ಚಿಪ್‌ಗಳನ್ನು ಬೇಕಾದ ಜಾಗದಲ್ಲಿ ಇಡುತ್ತಾರೆ. ಪ್ಲೇಯರ್ ಮತ್ತು ಬ್ಯಾಂಕರ್ ಎಂಬುವು ಇಲ್ಲಿ ಎರಡು ಕೈಗಳ ಹೆಸರುಗಳು ಮಾತ್ರ. ‘ಪ್ಲೇಯರ್’ ಎಂದರೆ ಪಣ ಕಟ್ಟಿದ ಆಟಗಾರನಲ್ಲ. ‘ಬ್ಯಾಂಕರ್’ ಎಂದರೆ ಕ್ಯಾಸಿನೊ ಅಲ್ಲ. ಯಾರು ಬೇಕಾದರೂ ಯಾವ ಕೈಯ ಮೇಲಾದರೂ ಹಣ ಇಡಬಹುದು. ಹೊಸಬರು ಮೊದಲು ಗೊಂದಲಕ್ಕೆ ಒಳಗಾಗುವುದು ಈ ಹೆಸರುಗಳಲ್ಲಿಯೇ.

ಪಣ ಕಟ್ಟುವ ಅವಧಿ ಮುಗಿದ ಮೇಲೆ ಎರಡೂ ಕೈಗಳಿಗೆ ಸರದಿಯಂತೆ ಎರಡೆರಡು ಎಲೆ ಹಂಚಲಾಗುತ್ತದೆ. ಈ ಎರಡು ಎಲೆಗಳಲ್ಲಿಯೇ ಯಾವುದಾದರೂ ಕೈಗೆ 8 ಅಥವಾ 9 ಬಂದರೆ ಅದನ್ನು ‘ನ್ಯಾಚುರಲ್’ ಎನ್ನುತ್ತಾರೆ. ಆಗ ಆಟ ಅಲ್ಲಿಗೇ ನಿಲ್ಲುತ್ತದೆ, ಎಣಿಕೆ ಹೋಲಿಸಿ ಫಲಿತಾಂಶ ಘೋಷಿಸಲಾಗುತ್ತದೆ. ನ್ಯಾಚುರಲ್ ಬಾರದಿದ್ದರೆ ಮೂರನೆಯ ಎಲೆಯ ನಿಯಮ ಜಾರಿಗೆ ಬರುತ್ತದೆ.

## ಮೂರನೆಯ ಎಲೆಯ ನಿಯಮ

ಪ್ಲೇಯರ್ ಕೈ ಮೊದಲು ಮುಗಿಯುತ್ತದೆ. ಅದರ ನಿಯಮ ಸರಳ:

- ಎಣಿಕೆ 0ರಿಂದ 5 ಇದ್ದರೆ ಮೂರನೆಯ ಎಲೆ ಬರುತ್ತದೆ.
- ಎಣಿಕೆ 6 ಅಥವಾ 7 ಇದ್ದರೆ ಮೂರನೆಯ ಎಲೆ ಇಲ್ಲ.

ಪ್ಲೇಯರ್‌ಗೆ ಮೂರನೆಯ ಎಲೆ ಬಾರದಿದ್ದಲ್ಲಿ ಬ್ಯಾಂಕರ್ ಕೈಗೂ ಇದೇ ನಿಯಮ ಅನ್ವಯಿಸುತ್ತದೆ. ಪ್ಲೇಯರ್‌ಗೆ ಮೂರನೆಯ ಎಲೆ ಬಂದಿದ್ದರೆ ಬ್ಯಾಂಕರ್‌ನ ನಡೆ ತನ್ನ ಎಣಿಕೆಯನ್ನೂ ಪ್ಲೇಯರ್‌ಗೆ ಬಂದ ಆ ಮೂರನೆಯ ಎಲೆಯನ್ನೂ ಅವಲಂಬಿಸುತ್ತದೆ:

- ಬ್ಯಾಂಕರ್ ಎಣಿಕೆ 0, 1 ಅಥವಾ 2: ಯಾವಾಗಲೂ ಎಲೆ ತೆಗೆದುಕೊಳ್ಳುತ್ತದೆ.
- ಎಣಿಕೆ 3: ಪ್ಲೇಯರ್‌ನ ಮೂರನೆಯ ಎಲೆ 8 ಆಗಿದ್ದರೆ ಮಾತ್ರ ನಿಲ್ಲುತ್ತದೆ, ಇಲ್ಲವಾದರೆ ತೆಗೆದುಕೊಳ್ಳುತ್ತದೆ.
- ಎಣಿಕೆ 4: ಆ ಎಲೆ 2ರಿಂದ 7ರೊಳಗಿದ್ದರೆ ತೆಗೆದುಕೊಳ್ಳುತ್ತದೆ.
- ಎಣಿಕೆ 5: ಆ ಎಲೆ 4ರಿಂದ 7ರೊಳಗಿದ್ದರೆ ತೆಗೆದುಕೊಳ್ಳುತ್ತದೆ.
- ಎಣಿಕೆ 6: ಆ ಎಲೆ 6 ಅಥವಾ 7 ಆಗಿದ್ದರೆ ತೆಗೆದುಕೊಳ್ಳುತ್ತದೆ.
- ಎಣಿಕೆ 7: ಎಂದಿಗೂ ತೆಗೆದುಕೊಳ್ಳುವುದಿಲ್ಲ.

ಯಾವ ಕೈಗೂ ನಾಲ್ಕನೆಯ ಎಲೆ ಇಲ್ಲ. ಈ ಪಟ್ಟಿಯನ್ನು ಆಟಗಾರರು ಬಾಯಿಪಾಠ ಮಾಡಬೇಕಾದ ಅಗತ್ಯವಿಲ್ಲ, ಏಕೆಂದರೆ ಅದನ್ನು ಅನ್ವಯಿಸುವುದು ಡೀಲರ್‌ನ ಕೆಲಸ. ಆದರೆ ಬ್ಯಾಂಕರ್ ಕೈ ಏಕೆ ತುಸು ಹೆಚ್ಚು ಬಾರಿ ಗೆಲ್ಲುತ್ತದೆ ಎಂಬುದರ ಕಾರಣ ಇದರಲ್ಲಿಯೇ ಇದೆ. ಪ್ಲೇಯರ್ ಕೈ ಎದುರಾಳಿಯನ್ನು ಲೆಕ್ಕಿಸದೆ ನಡೆಯುತ್ತದೆ. ಬ್ಯಾಂಕರ್ ಕೈಯ ನಿಯಮವಾದರೋ ಪ್ಲೇಯರ್‌ಗೆ ಬಂದ ಎಲೆಯನ್ನು ನೋಡಿದ ಮೇಲೆ ನಡೆಯುವಂತೆ ರಚಿತವಾಗಿದೆ.

## ಉದಾಹರಣೆಗಳು

ಮೊದಲನೆಯದು: ಪ್ಲೇಯರ್‌ಗೆ ರಾಜ ಮತ್ತು 7, ಎಣಿಕೆ 7. ಬ್ಯಾಂಕರ್‌ಗೆ 4 ಮತ್ತು 2, ಎಣಿಕೆ 6. ಎರಡೂ ಕೈಗಳು ನಿಲ್ಲುತ್ತವೆ. ಪ್ಲೇಯರ್ ಗೆಲ್ಲುತ್ತದೆ.

ಎರಡನೆಯದು: ಪ್ಲೇಯರ್‌ಗೆ ಗುಲಾಮ ಮತ್ತು 4, ಎಣಿಕೆ 4. ಮೂರನೆಯ ಎಲೆಯಾಗಿ 8 ಬಂದು ಮೊತ್ತ 12, ಎಣಿಕೆ 2 ಆಗುತ್ತದೆ. ಬ್ಯಾಂಕರ್‌ಗೆ 9 ಮತ್ತು 4, ಎಣಿಕೆ 3. ಪ್ಲೇಯರ್‌ನ ಮೂರನೆಯ ಎಲೆ 8 ಆಗಿರುವುದರಿಂದ ಬ್ಯಾಂಕರ್ ನಿಲ್ಲುತ್ತದೆ ಮತ್ತು 3–2ರಿಂದ ಗೆಲ್ಲುತ್ತದೆ.

ಮೂರನೆಯದು: ಪ್ಲೇಯರ್‌ಗೆ ರಾಣಿ ಮತ್ತು 4, ಮೂರನೆಯ ಎಲೆ 6, ಎಣಿಕೆ ಸೊನ್ನೆ. ಬ್ಯಾಂಕರ್‌ಗೆ 10 ಮತ್ತು 6, ಎಣಿಕೆ 6. ಬ್ಯಾಂಕರ್ ಆಗಲೇ ಮುಂದಿದೆ. ಆದರೂ ಪ್ಲೇಯರ್‌ನ ಮೂರನೆಯ ಎಲೆ 6 ಆಗಿರುವುದರಿಂದ ನಿಯಮದಂತೆ ಇನ್ನೊಂದು ಎಲೆ ತೆಗೆದುಕೊಳ್ಳಲೇಬೇಕು. ಅದು 4 ಆದರೆ ಬ್ಯಾಂಕರ್‌ನ ಎಣಿಕೆಯೂ ಸೊನ್ನೆಯಾಗಿ ಆಟ ಟೈ ಆಗುತ್ತದೆ. ನಿಯಮವು ಪ್ಲೇಯರ್‌ನ ಮೂರನೆಯ ಎಲೆಯನ್ನು ಮಾತ್ರ ನೋಡುತ್ತದೆ, ಕೈಯ ಒಟ್ಟು ಎಣಿಕೆಯನ್ನಲ್ಲ.

## ಪಣದ ವಿಧಗಳು ಮತ್ತು ಪಾವತಿ

ಪ್ಲೇಯರ್ ಪಣ: ಗೆದ್ದರೆ ಇಟ್ಟ ಹಣಕ್ಕೆ ಸಮನಾದ ಹಣ ದೊರೆಯುತ್ತದೆ. ರೂ. 100 ಇಟ್ಟವರಿಗೆ ಆ ಹಣದೊಂದಿಗೆ ಇನ್ನೂ ರೂ. 100 ಸಿಗುತ್ತದೆ.

ಬ್ಯಾಂಕರ್ ಪಣ: ಗೆಲುವಿನ ಮೇಲೆ ಸಾಮಾನ್ಯವಾಗಿ ಶೇ. 5ರಷ್ಟು ಕಮಿಷನ್ ಕಡಿತವಾಗುತ್ತದೆ. ರೂ. 100 ಇಟ್ಟು ಗೆದ್ದರೆ ರೂ. 95 ಲಾಭ. ಕಮಿಷನ್ ಇಲ್ಲದಿದ್ದರೆ ಸದಾ ಬ್ಯಾಂಕರ್ ಮೇಲೆ ಪಣ ಕಟ್ಟುವವನಿಗೆ ಕ್ಯಾಸಿನೊದ ಎದುರು ಸುಮಾರು ಶೇ. 1.24ರಷ್ಟು ಅನುಕೂಲ ಉಂಟಾಗುತ್ತಿತ್ತು.

ಟೈ ಪಣ: ಎರಡೂ ಕೈಗಳು ಸಮವಾದರೆ ಸಾಮಾನ್ಯವಾಗಿ ಒಂದಕ್ಕೆ ಎಂಟರಂತೆ ಪಾವತಿ. ಆಟ ಟೈ ಆದಾಗ ಪ್ಲೇಯರ್ ಮತ್ತು ಬ್ಯಾಂಕರ್ ಮೇಲೆ ಇಟ್ಟ ಪಣಗಳು ಸೋಲುವುದಿಲ್ಲ, ಇಟ್ಟವರಿಗೆ ಹಿಂದಿರುಗುತ್ತವೆ.

ಜೋಡಿ ಪಣ: ಆರಿಸಿದ ಕೈಯ ಮೊದಲ ಎರಡು ಎಲೆಗಳು ಒಂದೇ ಬಗೆಯವಾಗಿದ್ದರೆ, ಉದಾಹರಣೆಗೆ ಎರಡು ರಾಣಿ ಅಥವಾ ಎರಡು 5 ಬಂದರೆ, ಸಾಮಾನ್ಯವಾಗಿ ಒಂದಕ್ಕೆ ಹನ್ನೊಂದರಂತೆ ಪಾವತಿ.

ಕೆಲವು ಮೇಜುಗಳಲ್ಲಿ ‘ಕಮಿಷನ್ ಇಲ್ಲ’ ಎಂಬ ಫಲಕವಿರುತ್ತದೆ. ಇಂತಹ ಒಂದು ಬಗೆಯಲ್ಲಿ ಬ್ಯಾಂಕರ್ ಕೈ 6ರ ಎಣಿಕೆಯಿಂದ ಗೆದ್ದಾಗ ಅರ್ಧ ಹಣವನ್ನು ಮಾತ್ರ ಕೊಡಲಾಗುತ್ತದೆ. ಈ ಬದಲಾವಣೆಯಿಂದ ಬ್ಯಾಂಕರ್ ಪಣದಲ್ಲಿ ಕ್ಯಾಸಿನೊದ ಲಾಭಾಂಶ ಸುಮಾರು ಶೇ. 1.46ಕ್ಕೆ ಏರುತ್ತದೆ. ಅಂದರೆ ಕಮಿಷನ್ ಇರುವ ಮೇಜಿಗಿಂತ ಇಲ್ಲದ ಮೇಜೇ ಆಟಗಾರನಿಗೆ ದುಬಾರಿ.

## ಸಂಭವನೀಯತೆ ಮತ್ತು ಕ್ಯಾಸಿನೊದ ಲಾಭಾಂಶ

ಎಂಟು ಕಟ್ಟುಗಳ ಆಟದಲ್ಲಿ ಬ್ಯಾಂಕರ್ ಗೆಲ್ಲುವ ಸಂಭವನೀಯತೆ ಸುಮಾರು ಶೇ. 45.86, ಪ್ಲೇಯರ್ ಗೆಲ್ಲುವುದು ಶೇ. 44.62, ಟೈ ಆಗುವುದು ಶೇ. 9.52. ಪಣವೊಂದರಲ್ಲಿ ಸರಾಸರಿಯಾಗಿ ಕ್ಯಾಸಿನೊದ ಪಾಲಿಗೆ ಉಳಿಯುವ ಅಂಶವನ್ನು ಲಾಭಾಂಶವೆಂದು ಕರೆಯುತ್ತಾರೆ. ಅದರ ಪ್ರಮಾಣ ಹೀಗಿದೆ:

- ಬ್ಯಾಂಕರ್ ಪಣ: ಸುಮಾರು ಶೇ. 1.06
- ಪ್ಲೇಯರ್ ಪಣ: ಸುಮಾರು ಶೇ. 1.24
- ಜೋಡಿ ಪಣ: ಸುಮಾರು ಶೇ. 10.36
- ಟೈ ಪಣ: ಸುಮಾರು ಶೇ. 14.36

ಒಬ್ಬನು ಸುತ್ತಿಗೆ ರೂ. 100ರಂತೆ ನೂರು ಸುತ್ತು ಆಡಿದರೆ ಒಟ್ಟು ರೂ. 10,000 ಪಣಕ್ಕೆ ಒಡ್ಡಿದಂತಾಗುತ್ತದೆ. ಆಗ ಸರಾಸರಿ ನಷ್ಟ ಬ್ಯಾಂಕರ್ ಮೇಲೆ ರೂ. 106, ಪ್ಲೇಯರ್ ಮೇಲೆ ರೂ. 124, ಟೈ ಮೇಲೆ ರೂ. 1,436. ಇದು ಸರಾಸರಿ ಮಾತ್ರ. ಒಂದು ಸಂಜೆಯ ಫಲಿತಾಂಶ ಇದಕ್ಕಿಂತ ಬಹಳ ಮೇಲೆಯೂ ಕೆಳಗೂ ಹೋಗಬಹುದು. ಆದರೆ ಸುತ್ತುಗಳು ಹೆಚ್ಚಿದಂತೆ ಒಟ್ಟು ಪಣಕ್ಕೆ ನಷ್ಟದ ಪ್ರಮಾಣವು ಈ ಅಂಕಿಗಳ ಸಮೀಪಕ್ಕೆ ಬರುತ್ತದೆ. ಇತರ ಹಲವು ಕ್ಯಾಸಿನೊ ಆಟಗಳಿಗೆ ಹೋಲಿಸಿದರೆ ಶೇ. 1.06 ಕಡಿಮೆಯೇ. ಆದರೆ ಬ್ಯಾಕರಾ ವೇಗದ ಆಟವಾದುದರಿಂದ ಅಲ್ಪಕಾಲದಲ್ಲಿಯೇ ಅನೇಕ ಬಾರಿ ಪಣ ಕಟ್ಟುವಂತಾಗಿ, ಸಣ್ಣ ಅಂಶವೂ ದೊಡ್ಡ ಮೊತ್ತವಾಗಿ ಬೆಳೆಯುತ್ತದೆ.

## ಫಲಿತಾಂಶದ ಪಟ್ಟಿಗಳು ಮತ್ತು ಪಣದ ಪದ್ಧತಿಗಳು

ಬ್ಯಾಕರಾ ಮೇಜುಗಳಲ್ಲಿ ಹಿಂದಿನ ಸುತ್ತುಗಳ ಫಲಿತಾಂಶವನ್ನು ತೋರಿಸುವ ಫಲಕವಿರುತ್ತದೆ. ಬ್ಯಾಂಕರ್ ಗೆಲುವಿಗೆ ಕೆಂಪು, ಪ್ಲೇಯರ್ ಗೆಲುವಿಗೆ ನೀಲಿ, ಟೈಗೆ ಹಸಿರು ಗುರುತು ಬಳಸುವುದು ರೂಢಿ. ಈ ಗುರುತುಗಳನ್ನು ಹಲವು ಬಗೆಯ ಸಾಲುಗಳಲ್ಲಿ ಜೋಡಿಸಿ ಅವುಗಳನ್ನು ‘ದಾರಿ’ಗಳೆಂದು ಕರೆಯುತ್ತಾರೆ. ಆಟಗಾರರು ಇವುಗಳಲ್ಲಿ ವಿನ್ಯಾಸಗಳನ್ನು ಹುಡುಕಿ ಮುಂದಿನ ಸುತ್ತನ್ನು ಊಹಿಸಲು ಯತ್ನಿಸುತ್ತಾರೆ. ಕ್ಯಾಸಿನೊಗಳು ಈ ಪಟ್ಟಿಗಳನ್ನು ತಾವೇ ಒದಗಿಸುತ್ತವೆ.

ಆದರೆ ಬ್ಯಾಂಕರ್ ಸತತವಾಗಿ ಆರು ಬಾರಿ ಗೆದ್ದ ಮಾತ್ರಕ್ಕೆ ಏಳನೆಯ ಬಾರಿ ಪ್ಲೇಯರ್ ಗೆಲ್ಲುವ ಸಂಭವ ಹೆಚ್ಚುವುದಿಲ್ಲ, ಬ್ಯಾಂಕರ್‌ನ ಸರಣಿ ಮುಂದುವರಿಯುವ ಸಂಭವವೂ ಹೆಚ್ಚುವುದಿಲ್ಲ. ಕಳೆದ ಫಲಿತಾಂಶಗಳು ಮುಂದಿನದನ್ನು ಸರಿದೂಗಿಸುತ್ತವೆ ಎಂಬ ನಂಬಿಕೆಯನ್ನು ‘ಜೂಜುಗಾರನ ಭ್ರಮೆ’ ಎಂದು ಕರೆಯಲಾಗುತ್ತದೆ. ಶೂ ಪೆಟ್ಟಿಗೆಯಿಂದ ಎಲೆಗಳು ಹೊರಬಂದಂತೆ ಸಂಭವನೀಯತೆಯಲ್ಲಿ ಸೂಕ್ಷ್ಮ ವ್ಯತ್ಯಾಸ ಆಗುವುದು ನಿಜ. ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್ ಮತ್ತು ವಿಲಿಯಂ ವಾಲ್ಡನ್ 1960ರ ದಶಕದಲ್ಲಿ ಇದನ್ನು ಪರಿಶೀಲಿಸಿದರು. ಅಂದು ನೆವಾಡಾದಲ್ಲಿದ್ದ ಒಂದು ಉಪಪಣವನ್ನು ಎಲೆಗಳ ಲೆಕ್ಕ ಇಟ್ಟು ಗೆಲ್ಲಬಹುದೆಂದು ತೋರಿಸಿದರಾದರೂ, ಪ್ಲೇಯರ್ ಮತ್ತು ಬ್ಯಾಂಕರ್ ಪಣಗಳಲ್ಲಿ ಅಂತಹ ಲೆಕ್ಕದಿಂದ ಉಪಯುಕ್ತವಾದ ಅನುಕೂಲ ದೊರೆಯುವುದಿಲ್ಲವೆಂದು ಕಂಡುಕೊಂಡರು.

ಸೋತಾಗಲೆಲ್ಲ ಪಣವನ್ನು ಇಮ್ಮಡಿಗೊಳಿಸುವ ‘ಮಾರ್ಟಿಂಗೇಲ್’ ಪದ್ಧತಿಯೂ ಜನಪ್ರಿಯ. ಪ್ಲೇಯರ್ ಮೇಲೆ ರೂ. 100ರಿಂದ ಆರಂಭಿಸಿದವನು ಸತತ ಎಂಟು ಬಾರಿ ಸೋತರೆ ಕಳೆದುಕೊಂಡದ್ದು ರೂ. 25,500. ಒಂಬತ್ತನೆಯ ಬಾರಿ ರೂ. 25,600 ಇಟ್ಟು ಗೆದ್ದರೂ ಒಟ್ಟು ಲಾಭ ರೂ. 100 ಮಾತ್ರ. ಟೈಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಹೀಗೆ ಆರಂಭಿಸಿದ ಸುಮಾರು 230 ಪ್ರಯತ್ನಗಳಲ್ಲಿ ಒಂದು ಸತತ ಎಂಟು ಸೋಲಿಗೆ ತುತ್ತಾಗುತ್ತದೆ. ಜೊತೆಗೆ ಮೇಜುಗಳಲ್ಲಿ ಗರಿಷ್ಠ ಪಣದ ಮಿತಿಯಿರುವುದರಿಂದ ಇಮ್ಮಡಿಗೊಳಿಸುವುದಕ್ಕೂ ಕೊನೆಯಿದೆ. ಪ್ರತಿಯೊಂದು ಪಣದಲ್ಲಿಯೂ ಲಾಭಾಂಶ ಕ್ಯಾಸಿನೊದ ಕಡೆಗಿರುವಾಗ, ಪಣದ ಗಾತ್ರವನ್ನು ಹೇಗೆ ಬದಲಿಸಿದರೂ ಆ ಪಣಗಳ ಒಟ್ಟು ಮೊತ್ತ ಆಟಗಾರನಿಗೆ ಲಾಭಕರವಾಗಲಾರದು.

## ಇತರ ರೂಪಗಳು

ಮಿನಿ ಬ್ಯಾಕರಾ: ಪುಂಟೊ ಬ್ಯಾಂಕೊದ ನಿಯಮಗಳನ್ನೇ ಅನುಸರಿಸುತ್ತದೆ. ಮೇಜು ಚಿಕ್ಕದು, ಎಲ್ಲ ಎಲೆಗಳನ್ನೂ ಡೀಲರ್ ಒಬ್ಬರೇ ಹಂಚಿ ತೆರೆಯುವುದರಿಂದ ಆಟ ಬೇಗ ಸಾಗುತ್ತದೆ. ದೊಡ್ಡ ಮೇಜುಗಳಲ್ಲಿ ಹೆಚ್ಚು ಪಣ ಕಟ್ಟಿದವರಿಗೆ ಎಲೆ ತೆರೆಯುವ ಅವಕಾಶ ನೀಡುವುದುಂಟು. ಎಲೆಯ ಅಂಚನ್ನು ನಿಧಾನವಾಗಿ ಬಾಗಿಸುತ್ತಾ ನೋಡುವುದು ಏಷ್ಯಾದ ಆಟಗಾರರಲ್ಲಿ ಬಹು ಪ್ರಿಯವಾದ ಅಭ್ಯಾಸ. ಇದರಿಂದ ಫಲಿತಾಂಶ ಬದಲಾಗುವುದಿಲ್ಲ.

ಷೆಮಾ ದ ಫೇರ್: ಫ್ರೆಂಚಿನಲ್ಲಿ ಇದರ ಅರ್ಥ ರೈಲುಮಾರ್ಗ. ಇಲ್ಲಿ ಆಟಗಾರರೇ ಸರದಿಯ ಮೇಲೆ ಬ್ಯಾಂಕರ್ ಆಗಿ ತಮ್ಮ ಹಣವನ್ನು ಒಡ್ಡುತ್ತಾರೆ. ಉಳಿದವರು ಅದರ ಎದುರು ಪಣ ಕಟ್ಟುತ್ತಾರೆ. ಒಬ್ಬನೇ ಪೂರ್ತಿ ಮೊತ್ತವನ್ನು ಎದುರಿಸಲು ಬಯಸಿದರೆ ‘ಬಾಂಕೊ’ ಎಂದು ಕೂಗುತ್ತಾನೆ. ಕ್ಯಾಸಿನೊ ತನ್ನ ಪಾಲಿನ ಕಮಿಷನ್ ಮಾತ್ರ ಪಡೆಯುತ್ತದೆ. ಪುಂಟೊ ಬ್ಯಾಂಕೊಗಿಂತ ಭಿನ್ನವಾಗಿ ಇಲ್ಲಿ ಆಟಗಾರನ ಎಣಿಕೆ 5 ಆದಾಗ ಎಲೆ ತೆಗೆದುಕೊಳ್ಳುವುದು ಅಥವಾ ಬಿಡುವುದು ಅವನ ಇಷ್ಟ. ಈ ಒಂದು ಆಯ್ಕೆಯನ್ನು ಫ್ರೆಂಚ್ ಗಣಿತಜ್ಞ ಜೋಸೆಫ್ ಬರ್ಟ್ರಾಂಡ್ 19ನೇ ಶತಮಾನದ ಕೊನೆಯಲ್ಲಿ ಚರ್ಚಿಸಿದ್ದರು. ಜಾನ್ ಕೆಮೆನಿ ಮತ್ತು ಲಾರಿ ಸ್ನೆಲ್ 1957ರಲ್ಲಿ ಕ್ರೀಡಾ ಸಿದ್ಧಾಂತದ ನೆರವಿನಿಂದ ಅದಕ್ಕೆ ಪರಿಹಾರ ನೀಡಿದರು.

ಬ್ಯಾಕರಾ ಬಾಂಕ್: ಇದರಲ್ಲಿ ಬ್ಯಾಂಕರ್ ಸ್ಥಾನ ಒಬ್ಬನಲ್ಲಿಯೇ ಹೆಚ್ಚು ಕಾಲ ಉಳಿಯುತ್ತದೆ. ಅವನ ಎಡಬಲಗಳ ಎರಡು ಕೈಗಳ ಎದುರು ಏಕಕಾಲದಲ್ಲಿ ಆಟ ನಡೆಯುತ್ತದೆ.

## ಇತಿಹಾಸ

ಬ್ಯಾಕರಾ 15ನೇ ಶತಮಾನದ ಕೊನೆಯಲ್ಲಿ ಇಟಲಿಯಿಂದ ಫ್ರಾನ್ಸಿಗೆ ಬಂದಿತೆಂಬ ಕಥನ ವ್ಯಾಪಕವಾಗಿದೆ. ಆದರೆ ಲಿಖಿತ ಉಲ್ಲೇಖಗಳು 19ನೇ ಶತಮಾನದ ಫ್ರಾನ್ಸಿನವು. 1847ರಲ್ಲಿ ಪ್ರಕಟವಾದ ಷಾರ್ಲ್ ವಾನ್ ತೆನಾಕ್ ಅವರ ಆಟಗಳ ಪುಸ್ತಕದಲ್ಲಿ ಇದರ ವಿವರಣೆಯಿದೆ. ಆ ಶತಮಾನದ ಉತ್ತರಾರ್ಧದಲ್ಲಿ ಇದು ಯುರೋಪಿನ ಸಿರಿವಂತರ ಆಟವಾಗಿ ಬೆಳೆಯಿತು.

ಪುಂಟೊ ಬ್ಯಾಂಕೊ 1950ರ ದಶಕದಲ್ಲಿ ಕ್ಯೂಬಾದ ಹವಾನಾದಲ್ಲಿ ನಡೆಯುತ್ತಿತ್ತು. ಟಾಮಿ ರೆಂಜೋನಿ ಎಂಬವರು ಅದನ್ನು 1959ರಲ್ಲಿ ಲಾಸ್ ವೇಗಸ್‌ನ ಸ್ಯಾಂಡ್ಸ್ ಕ್ಯಾಸಿನೊಗೆ ತಂದರು. ಇಂದು ಈ ಆಟದ ಕೇಂದ್ರ ಮಕಾವ್. ಅಲ್ಲಿ ಜೂಜಿನ ಏಕಸ್ವಾಮ್ಯ 2002ರಲ್ಲಿ ಕೊನೆಗೊಂಡ ಮೇಲೆ ಹೊಸ ಕ್ಯಾಸಿನೊಗಳು ತಲೆಯೆತ್ತಿದವು. 2013ರಲ್ಲಿ ಮಕಾವ್‌ನ ಜೂಜಿನ ಆದಾಯ ಸುಮಾರು 36,000 ಕೋಟಿ ಪಟಾಕಾ ಮುಟ್ಟಿತು. ಅದರ ಬಹುಪಾಲು ಬ್ಯಾಕರಾ ಮೇಜುಗಳಿಂದಲೇ ಬಂದದ್ದು.

ಇಯಾನ್ ಫ್ಲೆಮಿಂಗ್ ಅವರ ಮೊದಲ ಜೇಮ್ಸ್ ಬಾಂಡ್ ಕಾದಂಬರಿ ‘ಕ್ಯಾಸಿನೊ ರಾಯಲ್’ (1953) ಬ್ಯಾಕರಾ ಮೇಜಿನ ಸುತ್ತ ಹೆಣೆದುದು. 2006ರ ಚಲನಚಿತ್ರದಲ್ಲಿ ಅದರ ಜಾಗಕ್ಕೆ ಪೋಕರ್ ಬಂದಿತು.

## ಪ್ರಸಿದ್ಧ ಮೊಕದ್ದಮೆಗಳು

ಟ್ರಾನ್‌ಬಿ ಕ್ರಾಫ್ಟ್ ಪ್ರಕರಣ: 1890ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಒಂದು ಬಂಗಲೆಯಲ್ಲಿ ನಡೆದ ಬ್ಯಾಕರಾದಲ್ಲಿ ಸೈನ್ಯಾಧಿಕಾರಿ ಸರ್ ವಿಲಿಯಂ ಗಾರ್ಡನ್-ಕಮಿಂಗ್ ಮೋಸ ಮಾಡಿದರೆಂಬ ಆರೋಪ ಬಂದಿತು. ಫಲಿತಾಂಶ ತಿಳಿದ ಮೇಲೆ ಚಿಪ್‌ಗಳನ್ನು ಗುಟ್ಟಾಗಿ ಹೆಚ್ಚಿಸುತ್ತಿದ್ದರು ಎಂಬುದು ದೂರು. ಅಂದು ಬ್ಯಾಂಕರ್ ಆಗಿದ್ದವರು ವೇಲ್ಸ್ ರಾಜಕುಮಾರ, ಮುಂದೆ ದೊರೆ ಏಳನೆಯ ಎಡ್ವರ್ಡ್. ಗಾರ್ಡನ್-ಕಮಿಂಗ್ ಮಾನನಷ್ಟ ಮೊಕದ್ದಮೆ ಹೂಡಿದರು. 1891ರ ಜೂನ್‌ನಲ್ಲಿ ನಡೆದ ವಿಚಾರಣೆಯಲ್ಲಿ ರಾಜಕುಮಾರನೇ ಸಾಕ್ಷಿ ಹೇಳಬೇಕಾಯಿತು. ಗಾರ್ಡನ್-ಕಮಿಂಗ್ ಸೋತು ಸೈನ್ಯದಿಂದ ವಜಾ ಆದರು.

ಐವಿ ಪ್ರಕರಣ: ಅಮೆರಿಕದ ಆಟಗಾರ ಫಿಲ್ ಐವಿ 2012ರಲ್ಲಿ ಲಂಡನ್ನಿನ ಕ್ರಾಕ್‌ಫರ್ಡ್ಸ್ ಕ್ಯಾಸಿನೊದಲ್ಲಿ ಪುಂಟೊ ಬ್ಯಾಂಕೊ ಆಡಿ ಸುಮಾರು 77 ಲಕ್ಷ ಪೌಂಡ್ ಗೆದ್ದರು. ಎಲೆಗಳ ಹಿಂಬದಿಯ ಚಿತ್ರದ ಅಂಚುಗಳಲ್ಲಿದ್ದ ಸೂಕ್ಷ್ಮ ವ್ಯತ್ಯಾಸವನ್ನು ಅವರೂ ಅವರ ಜೊತೆಗಾರ್ತಿಯೂ ಬಳಸಿಕೊಂಡಿದ್ದರು. ಅದೃಷ್ಟದ ನಂಬಿಕೆಯ ನೆಪದಲ್ಲಿ ಕೆಲವು ಎಲೆಗಳನ್ನು ತಿರುಗಿಸಿ ಇಡುವಂತೆ ಡೀಲರ್‌ಗೆ ಹೇಳಲಾಗಿತ್ತು. ಕ್ಯಾಸಿನೊ ಹಣ ಕೊಡಲು ನಿರಾಕರಿಸಿತು. ಇದು ವಂಚನೆಯೇ ಎಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2017ರ ಅಕ್ಟೋಬರ್ 25ರಂದು ತೀರ್ಪಿತ್ತಿತು. ಅಪ್ರಾಮಾಣಿಕತೆಯನ್ನು ನಿರ್ಧರಿಸುವ ಮಾನದಂಡವನ್ನು ಪರಿಷ್ಕರಿಸಿದ ಕಾರಣ ಈ ತೀರ್ಪು ಕಾನೂನು ವಿದ್ಯಾರ್ಥಿಗಳಿಗೂ ಮುಖ್ಯವಾದುದು.

## ಭಾರತದಲ್ಲಿ ಕಾನೂನು

ಭಾರತದ ಸಂವಿಧಾನದಲ್ಲಿ ಜೂಜು ಮತ್ತು ಪಣ ರಾಜ್ಯಪಟ್ಟಿಯ ವಿಷಯ. ಕೌಶಲದ ಆಟ ಮತ್ತು ಅದೃಷ್ಟದ ಆಟ ಎಂಬ ಭೇದವನ್ನು ನ್ಯಾಯಾಲಯಗಳು ಬಹುಕಾಲದಿಂದ ಮಾಡುತ್ತ ಬಂದಿವೆ. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಉಳಿಸಿ ಯಾವುದನ್ನು ಬಿಡಬೇಕೆಂದು ನಿರ್ಧರಿಸಬೇಕು ಎಂಬ ಕಾರಣಗಳಿಂದ ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯ 1967ರಲ್ಲಿ ಹೇಳಿತು. ಪುಂಟೊ ಬ್ಯಾಂಕೊದಲ್ಲಿ ಇಂತಹ ನಿರ್ಧಾರಗಳಿಗೆ ಎಡೆಯೇ ಇಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯು ಜೂಜಿನ ಮನೆ ನಡೆಸುವುದನ್ನೂ ಅಲ್ಲಿ ಆಡುವುದನ್ನೂ ಶಿಕ್ಷಾರ್ಹಗೊಳಿಸಿದೆ. ಆ ಕಾಯ್ದೆಯಲ್ಲಿರುವ ವಿನಾಯಿತಿ ಶುದ್ಧ ಕೌಶಲದ ಆಟಗಳಿಗೆ ಸಂಬಂಧಿಸಿದುದು.

ಗೋವಾದಲ್ಲಿ 1976ರ ಜೂಜು ಕಾಯ್ದೆಗೆ 1990ರ ದಶಕದಲ್ಲಿ ತಂದ ತಿದ್ದುಪಡಿಗಳ ಮೂಲಕ ಕ್ಯಾಸಿನೊಗಳಿಗೆ ಅನುಮತಿ ದೊರೆಯಿತು. ಪಣಜಿಯ ಮಾಂಡವಿ ನದಿಯಲ್ಲಿ ಲಂಗರು ಹಾಕಿದ ಹಡಗುಗಳಲ್ಲಿ ಇಸ್ಪೀಟಿನ ಮೇಜುಗಳು ನಡೆಯುತ್ತವೆ. ಸಿಕ್ಕಿಂ 2002ರಲ್ಲಿ ಪ್ರತ್ಯೇಕ ಕ್ಯಾಸಿನೊ ಕಾಯ್ದೆ ಮಾಡಿತು. ಅಂತರ್ಜಾಲದಲ್ಲಿ ಹಣಕ್ಕಾಗಿ ಆಡಿಸುವ ಆಟಗಳನ್ನು, ಅವು ಕೌಶಲದವಾಗಿರಲಿ ಅದೃಷ್ಟದವಾಗಿರಲಿ, 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸುತ್ತದೆ. ಅಂತಹ ಆಟಗಳ ಜಾಹೀರಾತು ಮತ್ತು ಅವುಗಳಿಗೆ ಹಣ ವರ್ಗಾಯಿಸುವ ಸೇವೆಯೂ ಈ ನಿಷೇಧಕ್ಕೆ ಒಳಪಟ್ಟಿವೆ.

## ಜೂಜಿನ ಗೀಳು

ಹತೋಟಿ ಮೀರಿದ ಜೂಜನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣವು ವ್ಯಸನಕಾರಿ ನಡವಳಿಕೆಯಿಂದ ಉಂಟಾಗುವ ಅಸ್ವಸ್ಥತೆಯೆಂದು ಗುರುತಿಸಿದೆ. ಸೋತ ಹಣವನ್ನು ಮರಳಿ ಗೆಲ್ಲಲೆಂದು ಇನ್ನೂ ಹೆಚ್ಚು ಪಣ ಕಟ್ಟುವುದು, ಮನೆಯವರಿಂದ ಮುಚ್ಚಿಡುವುದು ಮತ್ತು ಸಾಲ ಮಾಡಿ ಆಡುವುದು ಇದರ ಸಾಮಾನ್ಯ ಲಕ್ಷಣಗಳು. ಭಾರತದಲ್ಲಿ ಮಾನಸಿಕ ಆರೋಗ್ಯದ ನೆರವಿಗಾಗಿ ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ (14416) ಕನ್ನಡದಲ್ಲಿಯೂ ಲಭ್ಯವಿದೆ.